ಮನೆ ಇಲ್ಲದವರನ್ನು ಎಣಿಸಲು ಹೋಗಿ

ಮನುಷ್ಯರನ್ನು ಎಣಿಸುವುದು ಕಷ್ಟದ ಕೆಲಸ ಎಂದು ನನಗೆ ಯಾರೂ ಹೇಳಿರಲಿಲ್ಲ. ಹೇಳಿದ್ದರೂ ನಂಬುತ್ತಿರಲಿಲ್ಲ. ಕೊಟ್ಟೂರಿನ ಒಂದು ಹೈಸ್ಕೂಲಿನಲ್ಲಿ ನಾನು ಗಣಿತ ಕಲಿಸುತ್ತಿದ್ದೆ. ಊರಿನವರ ಬಾಯಲ್ಲಿ 'ಲೆಕ್ಕದ ಅಕ್ಕೋರು'. ಬೀಜಗಣಿತ, ರೇಖಾಗಣಿತ, ಚಕ್ರಬಡ್ಡಿ ಎಲ್ಲವನ್ನೂ ಅರೆದು ಕುಡಿದು, ಕುಡಿಯಲು ಒಲ್ಲದ ಮಕ್ಕಳಿಗೂ ಕುಡಿಸಿದವಳು. ಅಂಥವಳಿಗೆ ಊರಿನ ನಾಲ್ಕು ಜನರನ್ನು ಎಣಿಸುವುದೂ ಒಂದು ಕೆಲಸವೇ?

ಆಗಿನ್ನೂ ನಮ್ಮ ಕಡೆ ಮೊಬೈಲು ಬಂದಿರಲಿಲ್ಲ. ಹೊಸಪೇಟೆಯ ಕಡೆಯ ಒಂದು ಸೇವಾ ಸಂಸ್ಥೆಯವರು ಜೀಪಿನಲ್ಲಿ ಬಂದು ನಮ್ಮ ಶಾಲೆಯಲ್ಲಿ ಸಭೆ ಕರೆದರು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಈ ಐದು ಊರುಗಳಲ್ಲಿ ಒಂದು ಕಡೆ ಮನೆಯಿಲ್ಲದವರಿಗಾಗಿ ತಂಗುಮನೆ ಕಟ್ಟುತ್ತಾರಂತೆ. ಮೇಲೆ ಗಟ್ಟಿ ಸೂರು, ನಲ್ಲಿ ನೀರು, ಹೆಂಗಸರಿಗೆ ಬೇರೆ ಕೋಣೆ. ಯಾವ ಊರಿಗೆ ಹೆಚ್ಚು ಅಗತ್ಯವಿದೆ ಎಂದು ತಿಳಿಯಲು ಆಯಾ ಊರಿನವರೇ ಸ್ವಯಂಸೇವೆಯಿಂದ ಎಣಿಕೆ ಮಾಡಿಕೊಡಬೇಕು.

"ಯಾರು ಮುಂದೆ ಬರ್ತೀರಿ?" ಎಂದು ಕೇಳಿದರು.

ನನ್ನ ಕೈ ಮೇಲೆದ್ದಿತ್ತು. ಅದಕ್ಕೆ ಕಾರಣ ದುರುಗವ್ವ. ಬೇವಿನ ಕಡ್ಡಿಯ ಕಟ್ಟು ಇಟ್ಟುಕೊಂಡು ಬೆಳಿಗ್ಗೆ ಬಸ್‌ಸ್ಟ್ಯಾಂಡಿನಲ್ಲಿ ಹಲ್ಲುಜ್ಜುವವರಿಗೆ ಮಾರುತ್ತಿದ್ದ ಮುದುಕಿ. ಮಲಗುವುದು ತರಕಾರಿ ಮಾರ್ಕೆಟ್ಟಿನ ತಗಡಿನ ಚಪ್ಪರದ ಕೆಳಗೆ. ಹಿಂದಿನ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ಸೊಪ್ಪು ತರಲು ಹೋದಾಗ ಚಪ್ಪರದ ನೆಲವೆಲ್ಲ ನೀರಾಗಿತ್ತು. ಆಕೆ ಬಟ್ಟೆಯ ಗಂಟನ್ನು ತಲೆಯ ಮೇಲೆ ಹೊತ್ತುಕೊಂಡು ಕಂಬಕ್ಕೆ ಒರಗಿ ನಿಂತಿದ್ದಳು. "ಯಾವಾಗಿಂದ ನಿಂತೀಯವ್ವ?" ಎಂದರೆ, "ಮಳಿ ಹತ್ತಿದಾಗಿಂದ" ಎಂದಿದ್ದಳು, ಬಸ್ಸು ಎಷ್ಟಕ್ಕೆ ಬರುತ್ತದೆ ಎಂದು ಹೇಳುವವಳ ಹಾಗೆ. ಮಳೆ ಹಿಂದಿನ ಸಂಜೆ ಹತ್ತಿತ್ತು.

ಮನೆಗೆ ಬಂದು ಗಂಭೀರವಾಗಿ ಘೋಷಿಸಿದೆ. ನಮ್ಮ ಮನೆಯವರು ಹಿಟ್ಟಿನ ಗಿರಣಿ ನಡೆಸುತ್ತಿದ್ದರು. ಮಾತು ಕಡಿಮೆ. ಆಡಿದರೆ ಮಾತ್ರ ನುಣ್ಣಗೆ ಬೀಸಿಯೇ ಆಡುವವರು.

"ಮೊನ್ನೆ ನಮ್ಮಕ್ಕನ ಮನಿಯೋರು ಬಂದಾಗ ರೊಟ್ಟಿ ಎಷ್ಟು ಬೇಕಂತ ಎಣಿಸಾಕ ಬರ್ಲಿಲ್ಲ ನಿನಗ. ಈಗ ಊರು ಎಣಿಸಾಕಿ ಏನು?" ಎಂದರು.

"ಅದು ಅಂದಾಜು. ಇದು ಗಣಿತ!" ಎಂದೆ.

ತಂಡ ಕಟ್ಟಿದೆ. ನಾನು, ನಮ್ಮ ಶಾಲೆಯ ಡ್ರಿಲ್ ಮೇಷ್ಟ್ರು ಬಸವರಾಜಪ್ಪ, ಪಕ್ಕದ ಮನೆಯ ನಿರ್ಮಲಕ್ಕ. ಬ್ಯಾಟರಿ ಹಿಡಿಯಲು ಒಬ್ಬರು ಬೇಕಿತ್ತು. ನಮ್ಮ ಮನೆಯವರನ್ನು ಅವರ ಒಪ್ಪಿಗೆಗೆ ಕಾಯದೆ ಸೇರಿಸಿಕೊಂಡೆ. ಮೇಷ್ಟ್ರಿಗಂತೂ ಮೈಮೇಲೆ ಉತ್ಸಾಹ ಬಂದಿತ್ತು. "ಅಕ್ಕೋರೆ, ಹರಪನಹಳ್ಳಿಗಿಂತ ನಮ್ಮೂರಾಗ ಜಾಸ್ತಿ ಬರಬೇಕು ನೋಡ್ರಿ. ಊರಿನ ಮರ್ಯಾದಿ ಪ್ರಶ್ನೆ!" ಎಂದರು. ಕಬಡ್ಡಿಯಲ್ಲಿ ಹರಪನಹಳ್ಳಿಯವರು ಪ್ರತಿ ಸಲವೂ ನಮ್ಮನ್ನು ಸೋಲಿಸುತ್ತಿದ್ದರು. ಆ ಸಿಟ್ಟನ್ನು ಅವರು ಇಲ್ಲಿ ತೀರಿಸಿಕೊಳ್ಳಲು ಹೊರಟಿದ್ದರು.

ಎಣಿಕೆ ಯಾವಾಗ? ಶಾಲೆಗೆ ರಜೆ ಇದ್ದಾಗ. ರಜೆ ಯಾವಾಗ? ಬೇಸಿಗೆಯಲ್ಲಿ. ಹೊತ್ತು? ಬೆಳಗಿನ ಜಾವ, ಮಲಗಿದವರು ಏಳುವ ಮುಂಚೆ. ಮನೆ ಇದ್ದವರು ಒಳಗೆ ಮಲಗಿರುತ್ತಾರೆ, ಇಲ್ಲದವರು ಹೊರಗೆ. ಎಷ್ಟು ಸರಳ! ಈ ತರ್ಕದಲ್ಲಿ ನನಗೆ ಎಲ್ಲೂ ತಪ್ಪು ಕಾಣಲಿಲ್ಲ. ಈಗಲೂ ಕಾಗದದ ಮೇಲೆ ಬರೆದರೆ ಕಾಣುವುದಿಲ್ಲ.

ಮಲಗಿದವರ ನಿದ್ದೆ ಕೆಡಿಸಬಾರದು ಎಂದು ಸಂಸ್ಥೆಯವರು ಕಟ್ಟುನಿಟ್ಟಾಗಿ ಹೇಳಿದ್ದರು. ಹಾಗಾದರೆ ಒಬ್ಬರನ್ನೇ ಎರಡು ಸಲ ಎಣಿಸಿದರೆ ಹೇಗೆ? ಅದಕ್ಕೂ ನಾನೇ ಉಪಾಯ ಕಂಡುಹಿಡಿದೆ. ಎಣಿಸಿದವರ ತಲೆಯ ಹತ್ತಿರ, ನೆಲದ ಮೇಲೋ ಕಟ್ಟೆಯ ಮೇಲೋ, ಚಾಕ್‌ಪೀಸಿನಿಂದ ಅವರ ನಂಬರು ಬರೆಯುವುದು! ನನ್ನ ಬುದ್ಧಿಗೆ ನಾನೇ ಬೆರಗಾದೆ.

ಎಣಿಕೆಯ ದಿನ ಇನ್ನೂ ಕತ್ತಲಿರುವಾಗಲೇ ಹೊರಟೆವು. ಬಸ್‌ಸ್ಟ್ಯಾಂಡ್ ಕಡೆಗೆ ನಿರ್ಮಲಕ್ಕ ಮತ್ತು ನಮ್ಮ ಮನೆಯವರು. ಮಾರ್ಕೆಟ್ಟು ಮತ್ತು ಪೇಟೆಬೀದಿಗೆ ನಾನು ಮತ್ತು ಮೇಷ್ಟ್ರು. ಮೇಷ್ಟ್ರು ಖಾಕಿ ಪ್ಯಾಂಟು, ಬಿಳಿ ಬೂಟು ತೊಟ್ಟು, ಕೊರಳಿಗೆ ಸೀಟಿ ಹಾಕಿಕೊಂಡು ಬಂದಿದ್ದರು.

"ಸೀಟಿ ಯಾಕ್ರಿ ಮೇಷ್ಟ್ರೇ?"

"ನಾ ಮುಂದ ಹೋಗಿ ನೋಡ್ತೀನಿ. ಜನ ಇದ್ರ ಊದ್ತೀನಿ, ನೀವು ಬರ್ರಿ" ಎಂದರು.

ಮಾರ್ಕೆಟ್ಟಿನ ಒಳಗೆ ಹೋದವರೇ ಊದಿದರು. ಮೈದಾನದ ಆ ಕಡೆಯ ಹುಡುಗರಿಗೆ ಕೇಳಿಸಿ ರೂಢಿಯಾದ ಊದು! ನಾನು ಬ್ಯಾಟರಿ ಬಿಟ್ಟುಕೊಂಡು ಓಡಿದೆ. ಚಪ್ಪರದ ಕೆಳಗೆ ಖಾಲಿ ಗೋಣಿಚೀಲಗಳು ಹಾಸಿದ್ದು ಹಾಸಿದ ಹಾಗೇ ಇದ್ದವು. ಬೇವಿನ ಕಡ್ಡಿಗಳು ಚೆಲ್ಲಾಡಿದ್ದವು. ಮನುಷ್ಯರು ಮಾತ್ರ ಇರಲಿಲ್ಲ.

"ಈಗಿದ್ರು! ಎಲ್ಲಿ ಹೋದ್ರು?" ಎಂದು ಮೇಷ್ಟ್ರು ಕಣ್ಣು ಕಣ್ಣು ಬಿಟ್ಟರು.

ನಲ್ಲಿಯ ಕಡೆಗೆ ಹೋಗಿರಬಹುದು, ಆಮೇಲೆ ಬಂದರಾಯಿತು ಎಂದುಕೊಂಡು ಪೇಟೆಬೀದಿಗೆ ಹೊರಟೆ. ಅಲ್ಲಿ ನೋಡಿದರೆ ಕಟ್ಟೆಯ ಮೇಲೆ, ಮಂಚದ ಮೇಲೆ, ಬಂಡಿಯ ಮೇಲೆ, ಬರೀ ನೆಲದ ಮೇಲೆ, ಎಲ್ಲೆಲ್ಲೂ ಜನ. ಸೊಳ್ಳೆಗೆ ಹೆದರಿ ತಲೆಯಿಂದ ಕಾಲಿನವರೆಗೆ ಪಂಚೆ ಹೊದ್ದು ಮಲಗಿದ್ದಾರೆ. ಇಷ್ಟು ವರ್ಷ ಈ ಊರಿನಲ್ಲಿದ್ದೇನೆ, ಇಷ್ಟು ಬಡತನ ನನ್ನ ಕಣ್ಣಿಗೇ ಬಿದ್ದಿರಲಿಲ್ಲವಲ್ಲ! ಕಣ್ಣೊರೆಸಿಕೊಳ್ಳುತ್ತಲೇ ತಲೆತಲೆಗೂ ನಂಬರು ಬರೆಯುತ್ತಾ ಹೋದೆ. ಬೆಳಕು ಹರಿಯುವಷ್ಟರಲ್ಲಿ ತಂದಿದ್ದ ಚಾಕ್‌ಪೀಸೆಲ್ಲ ಸವೆದು ಹೋಯಿತು.

ಬಸ್‌ಸ್ಟ್ಯಾಂಡಿನ ಕಥೆ ಬೇರೆ. ಅಲ್ಲಿ ಜನ ಎಚ್ಚರವಾಗಿದ್ದರಿಂದ ನಿರ್ಮಲಕ್ಕ ಕೇಳಿಯೇ ಬರೆದಿದ್ದರು. "ಇಲ್ಲಿ ನಿಮಗೆ ಮನಿ ಐತೇನ್ರಿ?" ಎಂದು ಕೇಳುವುದು. ಮೊದಲ ಬಸ್ಸಿಗೆ ಕಾಯುತ್ತಿದ್ದವರು, "ಇಲ್ರಿ" ಎನ್ನುವುದು. ಅವರ ಮನೆ ಇದ್ದದ್ದು ಅವರವರ ಊರಿನಲ್ಲಿ. ಹಿರೇಹಡಗಲಿಗೆ ಹೊರಟಿದ್ದ ಒಂದು ಮದುವೆ ದಿಬ್ಬಣವನ್ನು ವರನ ಸಮೇತ ಬರೆದುಕೊಂಡು ಬಂದಿದ್ದರು!

ನಮ್ಮ ಮನೆಯಲ್ಲಿ ಕುಳಿತು ಚಹಾ ಕುಡಿಯುತ್ತಾ ಕೂಡಿದೆವು. ಆರುನೂರರ ಮೇಲೆ ಹೋಯಿತು. ಮೇಷ್ಟ್ರು ತೊಡೆ ತಟ್ಟಿದರು. "ಹರಪನಹಳ್ಳಿ ಸೋತ್ಹೋತು!"

ನಮ್ಮ ಮನೆಯವರು ಬ್ಯಾಟರಿಯ ಸೆಲ್ಲು ತೆಗೆದು ಬಿಸಿಲಿಗೆ ಇಡುತ್ತಿದ್ದರು. ತಿರುಗಿ ನೋಡದೆಯೇ ಕೇಳಿದರು. "ಅದರಾಗ ನಮ್ಮಣ್ಣನೂ ಅದಾನೇನು ನೋಡು. ಸೆಕಿ ಅಂತ ಕಟ್ಟಿ ಮ್ಯಾಲ ಮಕ್ಕಂಡಿದ್ದ."

ನಾನು ಲೋಟ ಕೆಳಗಿಟ್ಟೆ.

"ಕರೆಂಟಿಲ್ಲ, ಗಾಳಿ ಇಲ್ಲ. ಈ ಬ್ಯಾಸಿಗ್ಯಾಗ ಒಳಗ ಯಾರು ಮಕ್ಕಂತಾರ? ನಿನ್ನೆ ನಾವೂ ಮಾಳಿಗಿ ಮ್ಯಾಲ ಮಕ್ಕಂಡಿದ್ವಿ. ಹಂಗಾರ ನಮಗೂ ಮನಿ ಇಲ್ಲ ಬರಕೋ."

ಮೇಷ್ಟ್ರು ತಟ್ಟಿದ ತೊಡೆಯನ್ನೇ ಮೆಲ್ಲಗೆ ಸವರಿಕೊಂಡರು.

ನಾವು ಹೀಗೆ ಕುಳಿತಿದ್ದಾಗ ಊರು ಏಳತೊಡಗಿತ್ತು. ಎದ್ದವರು ತಮ್ಮ ತಲೆದಿಂಬಿನ ಪಕ್ಕ ಬಿಳಿ ಅಂಕಿ ನೋಡಿದರು. ಯಾರು ಬರೆದರು, ಯಾಕೆ ಬರೆದರು ಗೊತ್ತಿಲ್ಲ. ಮಾಟ ಎಂದು ಒಬ್ಬರು ಅಂದರು. ಅಷ್ಟು ಸಾಕಾಯಿತು. ಹಾಲು ಹಾಕುವವಳು ಬಂದು ಸುದ್ದಿ ಹೇಳಿದಾಗ ಪೇಟೆಬೀದಿಯಲ್ಲಿ ಮನೆಮನೆಗೂ ಸೆಗಣಿ ಸಾರಿಸುವ ಸಂಭ್ರಮ, ನಿಂಬೆಹಣ್ಣು ಎಲ್ಲೂ ಸಿಗದಂತಾಗಿತ್ತು. "ನಿಮ್ಮನಿ ಮುಂದ ಬರದಿಲ್ಲಲ್ಲ, ಪುಣ್ಯವಂತ್ರು ನೀವು" ಎಂದು ನನಗೆ ಕೈಮುಗಿದು ಹೋದಳು.

ಅವಳ ಹಿಂದೆಯೇ ಬಂದವರು ದಲಾಲಿ ಅಂಗಡಿಯ ಕೊಟ್ರಬಸಪ್ಪನವರು. ಪೇಟೆಬೀದಿಯ ಅರ್ಧ ಕಟ್ಟಡಗಳು ಅವರವೇ. ಯಾವಾಗಲೂ ನೆಟ್ಟಗೆ ನಡೆಯುವ ಮನುಷ್ಯ ಅವತ್ತು ಸೊಸೆಯ ಹೆಗಲು ಹಿಡಿದುಕೊಂಡು ಬಂದರು. ಸೊಸೆ ಸುಮಾ ನನ್ನ ಹಳೆಯ ವಿದ್ಯಾರ್ಥಿನಿ.

"ಅಕ್ಕೋರೆ, ನೀವು ಓದಿದೋರು. ಲೆಕ್ಕ ತಿಳಿದೋರು. ನಲವತ್ತೊಂದು ಅಂದ್ರ ಏನು?" ಎಂದು ಕೇಳಿದರು.

ಕಷ್ಟಕಾಲದಲ್ಲಿ ಬಾಯಿಗೆ ಬರುವುದು ಪಾಠವೇ. "ಅದೊಂದು ಅವಿಭಾಜ್ಯ ಸಂಖ್ಯೆ ಯಜಮಾನ್ರೆ. ಒಂದು ಮತ್ತು ನಲವತ್ತೊಂದು ಬಿಟ್ರೆ ಯಾವುದರಿಂದಲೂ ಅದನ್ನ ಭಾಗಿಸೋಕೆ ಆಗೋದಿಲ್ಲ" ಎಂದೆ.

ಅವರ ಮುಖ ಬಿಳಿಚಿಕೊಂಡಿತು. "ಅಂದ್ರ ಪರಿಹಾರನ ಇಲ್ಲ?"

"ಯಾವುದಕ್ಕೆ?"

"ನಲವತ್ತೊಂದು ದಿನ ಅಕ್ಕೋರೆ! ನನ್ನ ತಲಿ ಹತ್ರ ಬರದೈತಿ. ಪಕ್ಕದಾಗ ನಮ್ಮ ಗುಮಾಸ್ತ ಮಕ್ಕಂಡಿದ್ದ. ಅವನಿಗೆ ನಲವತ್ತೆರಡು." ಸೊಸೆಯ ಹೆಗಲನ್ನು ಇನ್ನಷ್ಟು ಬಿಗಿಯಾಗಿ ಹಿಡಿದು ಸೇರಿಸಿದರು. "ನನಗಿಂತ ಅವಗ ಒಂದು ದಿನ ಜಾಸ್ತಿ ಐತಿ!"

ಬಳ್ಳಾರಿಯಿಂದ ಮಗನನ್ನು ಬರಹೇಳಿದ್ದರಂತೆ. ಹೆಂಡತಿ ಬೆಳಗಿನಿಂದ ದೇವರ ಕೋಣೆ ಬಿಟ್ಟು ಬಂದಿಲ್ಲವಂತೆ. ನಾನು ನಿಜ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಸುಮಾ ಮೆಲ್ಲಗೆ ಅಂದಳು.

"ಮಾವಾರೆ, ನಾನು ಆಗಿಂದ ಹೇಳಾಕತ್ತೀನಿ, ನೀವು ಕೇಳವಲ್ರಿ. ನಾಲ್ಕಕ್ಕ ಹಿಂಗ ಉದ್ದ ಬಾಲ ಹಾಕೋರು ಊರಾಗ ಒಬ್ರೇ ಅದಾರ. ನನಗ ನೂರಕ್ಕ ನಾಲ್ಕು ಕೊಟ್ಟಿದ್ರು. ಮರಿಯಾಕ ಆಗತೈತೇನು?"

ಎಲ್ಲರೂ ನನ್ನ ಕೈ ನೋಡಿದರು. ಮೊಣಕೈವರೆಗೆ ಚಾಕ್‌ಪೀಸಿನ ಪುಡಿ.

ಹೇಳಿದೆ. ಮೊದಲಿನಿಂದ ಕೊನೆಯವರೆಗೆ, ಏನೂ ಮುಚ್ಚಿಡದೆ ಹೇಳಿದೆ. ಕೊಟ್ರಬಸಪ್ಪನವರ ಮುಖಕ್ಕೆ ರಕ್ತ ವಾಪಸು ಬಂತು. ಸ್ವಲ್ಪ ಹೆಚ್ಚಾಗಿಯೇ ಬಂತು.

"ಸಾಯ್ತೀನಿ ಅಂದಿದ್ರ ತಡಕೊಂತಿದ್ದೆ ಅಕ್ಕೋರೆ! ಮನಿ ಇಲ್ಲದಾವ ಅಂತ ಬರದ್ರಲ್ಲ! ನಾನು! ಕೊಟ್ರಬಸಪ್ಪ!"

ಮಧ್ಯಾಹ್ನದ ಹೊತ್ತಿಗೆ ನಮ್ಮ ಮನೆಯ ಮುಂದೆ ಸಾಲು ನಿಂತಿತು. ಎಲ್ಲರದೂ ಒಂದೇ ಬೇಡಿಕೆ, ಪಟ್ಟಿಯಲ್ಲಿ ತಮ್ಮ ನಂಬರು ಹೊಡೆದು ಹಾಕಬೇಕು, ಕಣ್ಣ ಮುಂದೆಯೇ ಹೊಡೆದು ಹಾಕಬೇಕು. ಹಾಕಿದೆ. ದಿಬ್ಬಣದ ವಿಷಯ ಇನ್ನೂ ಬಿಗಡಾಯಿಸಿತ್ತು. ವರನಿಗೆ ಮನೆಯೇ ಇಲ್ಲವಂತೆ ಎಂಬ ಸುದ್ದಿ ಹೆಣ್ಣಿನವರಿಗೆ ಮುಟ್ಟಿ, ತಾಳಿ ಕಟ್ಟುವುದನ್ನು ನಿಲ್ಲಿಸಿ ಕೂತಿದ್ದಾರೆಂದು ತಿಳಿಯಿತು. ನಿರ್ಮಲಕ್ಕ ಬಾಡಿಗೆ ಕಾರಿನಲ್ಲಿ ವರನ ಊರಿಗೆ ಹೋಗಿ ಮನೆ ನೋಡಿ, ಅಲ್ಲಿಂದ ಹಿರೇಹಡಗಲಿಗೆ ಹೋಗಿ, ಮಾಳಿಗೆ ಮನೆ ಇದೆ, ಹಿತ್ತಲಲ್ಲಿ ಬಾವಿಯೂ ಇದೆ ಎಂದು ಚಪ್ಪರದಲ್ಲಿ ನಿಂತು ಹೇಳಿ, ಊಟ ಮಾಡಿಕೊಂಡು ಬಂದರು. ಇಡೀ ಎಣಿಕೆಯಲ್ಲಿ ಹೊಟ್ಟೆ ತುಂಬಿದ್ದು ಅವರೊಬ್ಬರಿಗೇ.

ಸಂಜೆಗೆ ಬಸ್ಸಿಗೆ ಕಾದಿದ್ದವರನ್ನೂ ಸೇರಿಸಿ ಎಲ್ಲ ಹೊಡೆದು ಹಾಕಿ ಕೂಡಿದರೆ ಉಳಿದದ್ದು ಸೊನ್ನೆ. ಕೊಟ್ಟೂರಿನಲ್ಲಿ ಮನೆಯಿಲ್ಲದವರು ಯಾರೂ ಇಲ್ಲ! ಊರಿನ ಹಿರಿಯರು ಸಮಾಧಾನಪಟ್ಟರು. "ಹಿಂಗ ಕಳಿಸ್ರಿ, ಮರ್ಯಾದಿ ಉಳೀತೈತಿ" ಎಂದರು.

ಆದರೆ ದುರುಗವ್ವ?

ಮಾರ್ಕೆಟ್ಟಿಗೆ ಹೋದೆ. ಆಕೆ ಮಲಗುತ್ತಿದ್ದ ಜಾಗದಲ್ಲಿ ಆಗಲೇ ಈರುಳ್ಳಿ ಚೀಲ ಒಟ್ಟಿದ್ದರು. ಎಲೆ ಮಾರುವ ಫಾತಿಮಾಬಿ ನನ್ನನ್ನು ನೋಡಿ ತಾನೇ ಹೇಳಿದಳು. "ಬೆಳಿಗ್ಗೆ ಪೊಲೀಸ್ರು ಬಂದಿದ್ರಂತ ಅಕ್ಕೋರೆ. ಸೀಟಿ ಊದಿದ್ರಂತ. ಇಲ್ಲಿದ್ದೋರೆಲ್ಲ ದಿಕ್ಕಾಪಾಲು ಓಡಿದ್ರು. ದುರುಗವ್ವ ಹಗರಿಬೊಮ್ಮನಹಳ್ಳಿ ಬಸ್ ಹತ್ತಿ ಹೋಗ್ಯಾಳ. ಇನ್ನು ಈ ಊರಿಗೆ ಬರಂಗಿಲ್ಲ ಅಂದ್ಲು."

ಆಗ ತಿಳಿಯಿತು. ಮನೆ ಇದ್ದವರನ್ನೆಲ್ಲ ಎಣಿಸಿದ್ದೆ. ಮನೆ ಇಲ್ಲದವರನ್ನು ಊರು ಬಿಡಿಸಿದ್ದೆ. ಆಕೆಗೆ ಇದ್ದದ್ದು ಒಂದು ಕಂಬ, ನಾಲ್ಕು ಮೊಳ ನೆಲ. ಅದನ್ನೂ ನಾನು ಕಳೆದಿದ್ದೆ.

ಅವತ್ತು ಊಟಕ್ಕೆ ಕೂತು ಅನ್ನ ಕಲಸುತ್ತಲೇ ಇದ್ದೆ. ನಮ್ಮ ಮನೆಯವರು ನನ್ನ ತಟ್ಟೆ ನೋಡಿ, "ನಾಳೆ ಹೋಗಿ ಕರಕೊಂಡು ಬಾ. ಸುಮ್ನೆ ಅನ್ನದ ಅಗಳು ಎಣಿಸಬ್ಯಾಡ" ಎಂದರು.

ಹಗರಿಬೊಮ್ಮನಹಳ್ಳಿಯ ಬಸ್‌ಸ್ಟ್ಯಾಂಡಿನಲ್ಲಿ ಹುಡುಕುವುದು ಕಷ್ಟವಾಗಲಿಲ್ಲ. ಗೋಡೆಯ ನೆರಳಿನಲ್ಲಿ ಹೊಸ ಕಡ್ಡಿಗಳ ಕಟ್ಟು ಇಟ್ಟುಕೊಂಡು ಕುಳಿತಿದ್ದಳು. ಗುರುತು ಹಿಡಿದು ನಕ್ಕಳು.

"ಯಾಕವ್ವ ಊರು ಬಿಟ್ಟಿ?" ಎಂದು ಏನೂ ತಿಳಿಯದವಳ ಹಾಗೆ ಕೇಳಿದೆ.

"ಪೊಲೀಸ್ರು ಬಂದಿದ್ರು ಅಕ್ಕೋರೆ. ಒಬ್ಬಾವ ಖಾಕಿ ಹಾಕ್ಕಂಡು ಸೀಟಿ ಊದಿಕೊಂತ ಬಂದ. ಅವನ ಹಿಂದ ಒಬ್ಬಾಕಿ ಬ್ಯಾಟ್ರಿ ಹಿಡಕಂಡು ಬಂದ್ಲು. ಅವನಿಗಿಂತ ಆಕೀನ ಜೋರು. ಇಷ್ಟು ದಪ್ಪ! ಎಮ್ಮಿ ಬೆದರಿ ಓಡಿ ಬಂದಂಗ ಬಂದ್ಲು."

"ಅಷ್ಟೇನು ದಪ್ಪ ಇಲ್ಲ ಬಿಡವ್ವ" ಎಂದೆ.

"ನೀವೇನು ನೋಡೀರೇನು?"

"ಆಕಿ ನಾನೇ."

ದುರುಗವ್ವ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. ಸೆರಗನ್ನು ಬಾಯಿಗೆ ಒತ್ತಿಕೊಂಡು ಮೈಯೆಲ್ಲ ಅಲುಗುವ ಹಾಗೆ ನಕ್ಕಳು. ನಾನೂ ನಕ್ಕೆ. ನಗು ನಿಂತ ಮೇಲೆ ಕಡ್ಡಿಗಳನ್ನು ಸರಿಮಾಡುತ್ತಾ ಹೇಳಿದಳು.

"ಹಿಂದ ಒಂದು ದೊಡ್ಡ ಊರಾಗ ಹಿಂಗ ಸೀಟಿ ಊದಿ, ನಮ್ಮನ್ನೆಲ್ಲ ಗಾಡ್ಯಾಗ ತುಂಬಿ, ಎಲ್ಲೋ ಅಡವ್ಯಾಗ ಇಳಿಸಿ ಹೋದ್ರು. ನನ್ನ ಗಂಟು ಅಲ್ಲೇ ಉಳೀತು. ನನ್ನ ಮಗಳು ಸಣ್ಣಾಕಿದ್ದಾಗ ಹಾಕ್ಕಂತಿದ್ದ ಲಂಗ ಇತ್ತು ಅದರಾಗ. ಆಕಿ ಹೋದ ಮ್ಯಾಲ ಅದೊಂದ ಉಳಿದಿತ್ತು. ಅವತ್ತಿಂದ ಸೀಟಿ ಕೇಳಿದ್ರ ಕಾಲು ನನ್ನ ಮಾತು ಕೇಳಂಗಿಲ್ಲ."

"ತಪ್ಪಾತವ್ವ" ಎಂದೆ.

"ಆತು ಬಿಡ್ರಿ. ಬಸ್ ಚಾರ್ಜು ನೀವು ಕೊಡಾದಾದ್ರ ಬರ್ತೀನಿ" ಎಂದು ಕಟ್ಟು ಎತ್ತಿಕೊಂಡಳು.

ಈರುಳ್ಳಿ ಚೀಲಗಳು ಕೊಟ್ರಬಸಪ್ಪನವರವು. ಹೋಗಿ ಕೇಳಿದೆ. "ತೆಗಸ್ತೀನಿ. ಆದ್ರ ನೀವು ಇನ್ನು ಮ್ಯಾಲ ನಮ್ಮ ಅಂಗಡಿ ಕಡೆ ಬರೂವಾಗ ಬರಿಗೈಲೆ ಬರಬೇಕು" ಎಂದರು. ಒಪ್ಪಿದೆ. ದುರುಗವ್ವನಿಗೆ ಕಂಬ ಮತ್ತು ನಾಲ್ಕು ಮೊಳ ನೆಲ ವಾಪಸು ಸಿಕ್ಕಿತು. ನನ್ನ ಇಡೀ ಸಮಾಜಸೇವೆಯ ಫಲವಾಗಿ ಆಕೆ ಮೊದಲು ಎಲ್ಲಿದ್ದಳೋ ಅಲ್ಲಿಗೇ ಬಂದು ನಿಂತಿದ್ದಳು.

ಆಮೇಲೆ ಸಂಸ್ಥೆಯವರ ಕಚೇರಿಗೇ ಹೋಗಿ ನಡೆದದ್ದೆಲ್ಲ ಹೇಳಿದೆ. ನಕ್ಕು ನಕ್ಕು ಅವರ ಕಣ್ಣಲ್ಲಿ ನೀರು ಬಂತು. ಮಳೆಗಾಲದಲ್ಲಿ ಮತ್ತೊಮ್ಮೆ ಎಣಿಸಿಕೊಡುತ್ತೇನೆ ಎಂದೆ. ಅಷ್ಟರಲ್ಲಿ ಹರಪನಹಳ್ಳಿಯವರು ಸರಿಯಾದ ಎಣಿಕೆ ಕೊಟ್ಟಾಗಿತ್ತು, ಜಾಗವೂ ಗೊತ್ತಾಗಿತ್ತು. ತಂಗುಮನೆ ಅಲ್ಲಿಗೇ ಹೋಯಿತು. ಮೇಷ್ಟ್ರು ಒಂದು ವಾರ ಯಾರ ಜೊತೆಗೂ ಮಾತಾಡಲಿಲ್ಲ. ಹೆಂಗಸರ ಕೋಣೆಯಲ್ಲಿ ದುರುಗವ್ವನಿಗೆ ಒಂದು ಜಾಗ ಕೊಡಿ ಎಂದು ನಾನು ಪಟ್ಟು ಹಿಡಿದೆ. ಒಪ್ಪಿದರು.

ಆಕೆಗೆ ಹೆದರುತ್ತಲೇ ಹೇಳಿದೆ. ಊರು ಬಿಡಬೇಕಲ್ಲ ಎಂದು ಬೈಯಬಹುದು, ಅಳಬಹುದು ಎಂದುಕೊಂಡಿದ್ದೆ.

"ಹರಪನಹಳ್ಳ್ಯಾಗ ಜನ ಹಲ್ಲು ತಿಕ್ಕಂಗಿಲ್ಲೇನು?" ಎಂದಳು. ಕಟ್ಟಡ ಮುಗಿದಾಗ ಗಂಟು ಎತ್ತಿಕೊಂಡು ಹೊರಟಳು.

ಮುಂದಿನ ಮಳೆಗಾಲದಲ್ಲಿ ಒಂದು ಭಾನುವಾರ ಹೊದೆಯಲು ಹೊಸ ಕೌದಿ ತೆಗೆದುಕೊಂಡು ನೋಡಲು ಹೋದೆ. ಹೊರಗೆ ಜೋರು ಮಳೆ. ಒಳಗೆ ನೆಲ ಒಣಗಿತ್ತು. ದುರುಗವ್ವ ಕಿಟಕಿಯ ಪಕ್ಕದ ಜಾಗದಲ್ಲಿ ಕಾಲು ಚಾಚಿ ಕುಳಿತಿದ್ದಳು. ನನ್ನನ್ನು ನೋಡಿ ಎದ್ದು ಬಂದು, ಕೈ ಹಿಡಿದು ಕೂರಿಸಿ, ಕೋಣೆಯಲ್ಲಿದ್ದ ಹೆಂಗಸರನ್ನೆಲ್ಲ ಕರೆದು ಹೆಮ್ಮೆಯಿಂದ ಪರಿಚಯ ಮಾಡಿಸಿದಳು.

"ನೋಡ್ರಿ, ನನ್ನ ನೋಡಾಕ ಕೊಟ್ಟೂರಿಂದ ಬಂದಾಳ. ಈಕಿ ದೆಸಿಯಿಂದಾನೇ ನಾನು ಇಲ್ಲಿಗೆ ಬಂದಿದ್ದು!"

ಹೆಂಗಸರು ನನ್ನನ್ನು ದಿಟ್ಟಿಸಿ ನೋಡಿದರು. ಅವರಲ್ಲಿ ಹಿರಿಯವಳಾದ ನಿಂಗವ್ವ ಸೊಂಟದ ಮೇಲೆ ಕೈ ಇಟ್ಟುಕೊಂಡು ಮುಂದೆ ಬಂದಳು.

"ಓಹೋ, ಈಕೀನ ಏನು ನಿನ್ನ ಸೊಸಿ? ಅಲ್ಲಬೇ, ಮೈತುಂಬ ರೇಷ್ಮಿ ಅಂಚಿನ ಸೀರಿ ಉಟ್ಟೀಯ, ಕೈಯಾಗ ವಾಚು ಐತಿ, ಇಂಥ ಮುದುಕೀನ ಮನ್ಯಾಗ ಇಟ್ಟಕಳ್ಳಾಕ ಏನಾಗಿತ್ತು ನಿನಗ? ಒಂದು ರೊಟ್ಟಿ ಭಾರ ಆತೇನು?"

"ಅಲ್ಲ, ನಾನು..." ಎಂದೆ.

"ಮಾತಾಡಬ್ಯಾಡ! ಕೌದಿ ತಂದು ಕೊಟ್ರ ಆತೇನು?" ಎಂದು ಇನ್ನೊಬ್ಬಳು ಸೇರಿಕೊಂಡಳು. ಮೂರನೆಯವಳು ನನ್ನ ಗಂಡನನ್ನೂ ಬಿಡಲಿಲ್ಲ. ಇಂಥ ಮಗ ಇದ್ದರೇನು, ಬಿಟ್ಟರೇನು ಎಂದಳು. ನನ್ನ ಸ್ವಂತ ಅತ್ತೆ ತೀರಿಕೊಂಡು ವರ್ಷಗಳಾಗಿದ್ದವು. ಬದುಕಿದ್ದಾಗ ಅವರಿಂದಲೂ ನಾನು ಇಷ್ಟು ಬೈಸಿಕೊಂಡಿರಲಿಲ್ಲ.

ಕಾಪಾಡು ಎಂದು ದುರುಗವ್ವನ ಕಡೆ ನೋಡಿದೆ. ಆಕೆ ಕೌದಿಯನ್ನು ಮಡಿಲಲ್ಲಿ ಹರಡಿಕೊಂಡು, ಒಂದೊಂದು ಹೊಲಿಗೆಯನ್ನೂ ಮುಟ್ಟಿ ನೋಡುತ್ತಾ, ಎಲೆ ಅಡಿಕೆ ಜಗಿಯುತ್ತಾ ಕುಳಿತಿದ್ದಳು. ಮುಖ ಅರಳಿತ್ತು. ತಪ್ಪು ತಿದ್ದುವ ಯಾವ ಆತುರವೂ ಅಲ್ಲಿ ಕಾಣಲಿಲ್ಲ. ಎಲ್ಲರೂ ಬೈದು ಮುಗಿಸಿದ ಮೇಲೆ ತಲೆ ಎತ್ತದೆಯೇ ಅಂದಳು.

"ಸಾಕು ಬಿಡ್ರೇ. ಎಷ್ಟಾದ್ರೂ ನಮ್ಮಾಕಿ."

ಹೊರಡುವಾಗ ಬಗ್ಗಿ ಆಕೆಯ ಕಾಲು ಮುಟ್ಟಿದೆ. ಮಳೆಯಲ್ಲಿ ಸೆರಗು ಹೊದ್ದು ಬಸ್ಸಿನ ಕಡೆ ಓಡುತ್ತಿದ್ದಾಗ ಕಿಟಕಿಯಿಂದ ನಿಂಗವ್ವನ ದನಿ ಬಂತು.

"ಏ ಹುಡುಗಿ! ಮುಂದಿನ ಸಲ ಬರೂವಾಗ ಅತ್ತೆವ್ವಗ ಬಿಸಿ ಹೋಳಿಗಿ ಮಾಡ್ಕಂಡು ಬಾ!"

"ಹೂನ್ರಿ" ಎಂದೆ.